ಹಗ್ಗವನ್ನು ಹಾವೆನ್ನುವ ಯಂತ್ರ: ಬಳಕೆದಾರರ ಕೈಪಿಡಿ

ಮಾನ್ಯ ಗ್ರಾಹಕರೇ,

ಅಭಿನಂದನೆಗಳು! ನಿಮ್ಮ ಕಂಪ್ಯೂಟರಿನ ಬಲಮೂಲೆಯಲ್ಲಿ ಈಗಷ್ಟೇ ಕೆಂಪು ಕಿಟಕಿಯೊಂದು ಎದ್ದು ‘ಅಪಾಯ ಪತ್ತೆಯಾಗಿದೆ, ಕ್ರಮ ಕೈಗೊಳ್ಳಲಾಗಿದೆ’ ಎಂದು ಸಾರಿದೆ. ನೀವು ತೆರೆಯಹೊರಟದ್ದು ಒಂದು ಆಟ. ಅದೀಗ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಲ್ಲ, ಹುಡುಕಿ ದಣಿಯಬೇಡಿ. ಆಂಟಿವೈರಸ್ ಎಂಬ ಸಾಧನ ತನ್ನ ಕೆಲಸ ಮಾಡಿದೆ. ಸರಿಯಾಗಿ ಮಾಡಿದೆಯೇ ಎಂಬುದಷ್ಟೇ ಈ ಕೈಪಿಡಿಯ ವಿಷಯ.

ಕೈಪಿಡಿಗಳನ್ನು ಯಾರೂ ಓದುವುದಿಲ್ಲವೆಂದು ಬರೆದವನಿಗೆ ಗೊತ್ತಿದೆ. ನಮ್ಮ ಮನೆಯ ಮಿಕ್ಸಿಯದು ಹನ್ನೊಂದು ವರ್ಷದಿಂದ ಅದರ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಒಮ್ಮೆ ಮಾತ್ರ ಅದನ್ನು ಜಿರಲೆ ಹೊಡೆಯಲು ಬಳಸಿದ್ದೆವು. ಆದರೂ ಇದನ್ನು ಓದಿ. ಮಬ್ಬುಗತ್ತಲಲ್ಲಿ ಹಗ್ಗ ಕಂಡು ಹಾವೆಂದು ಬೆಚ್ಚುವವನ ದೃಷ್ಟಾಂತವನ್ನು ಅದ್ವೈತಿಗಳು ನೂರಾರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಕಂಪ್ಯೂಟರಿನವರು ಅದನ್ನೇ ‘ಫಾಲ್ಸ್ ಪಾಸಿಟಿವ್’ ಅನ್ನುತ್ತಾರೆ. ವೇದಾಂತದಲ್ಲಾದರೆ ದೀಪ ತಂದ ಕ್ಷಣ ಭ್ರಮೆ ಹರಿಯುತ್ತದೆ. ಇಲ್ಲಿ ದೀಪಕ್ಕೆ ಫಾರಂ ತುಂಬಿ ಕಾಯಬೇಕು.

ಪೆಟ್ಟಿಗೆಯಲ್ಲಿ ಏನೇನಿದೆ

ವಿವರಣೆಗೆ ಒಂದು ಮಾದರಿ ಆಟ ಬೇಕು. ನಮ್ಮ ಮನೆಯದನ್ನೇ ಕೊಡುತ್ತೇನೆ.

ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ದಸರಾ ರಜೆಯಲ್ಲಿ ಪೈಥಾನ್ ಭಾಷೆಯಲ್ಲಿ ಚೌಕಾಬಾರ ಬರೆದಳು. ಐದಕ್ಕೆ ಐದರ ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಸದ್ದು ನಿಜವಾಗಿರಲಿ ಅಂತ ಅಜ್ಜಿಯ ಡಬ್ಬಿಯ ಕವಡೆಗಳನ್ನೇ ರೆಡ್‌ಆಕ್ಸೈಡ್ ನೆಲಕ್ಕೆ ಚೆಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ ಮೈಸೂರಿಗೆ, ನನ್ನ ಲ್ಯಾಪ್‌ಟಾಪಿಗೆ ಕಳಿಸಿದಳು, “ಅಜ್ಜಿಗೆ ತೋರಿಸಿ ಮಾವ” ಅಂತ. ಅಮ್ಮ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ನಾನು ಎರಡು ಸಲ ಒತ್ತಿದೆ. ಕೆಂಪು ಕಿಟಕಿ. ಚೌಕಾಬಾರ ಟ್ರೋಜನ್ ಅಂತೆ.

ಮರದ ಕುದುರೆಯ ಹೊಟ್ಟೆಯಲ್ಲಿ ಸೈನಿಕರು ಅಡಗಿ ಟ್ರಾಯ್ ನಗರವನ್ನು ಹೊಕ್ಕ ಕಥೆಯಿಂದ ಬಂದ ಹೆಸರು ಅದು. ನಮ್ಮ ಕುದುರೆಯ ಹೊಟ್ಟೆಯಲ್ಲಿ ಇದ್ದದ್ದು ನಾಲ್ಕು ಕವಡೆ.

ಫೋನ್ ಮಾಡಿದೆ. “ಅಯ್ಯೋ ಅದಾ? ಏನಿಲ್ಲ ಮಾವ, ಆಂಟಿವೈರಸ್ ಆಫ್ ಮಾಡಿ ಓಪನ್ ಮಾಡಿ” ಅಂದಳು.

ಗ್ರಾಹಕರು ಈ ವಾಕ್ಯದ ಕೆಳಗೆ ಗೆರೆ ಎಳೆದುಕೊಳ್ಳಬೇಕು. ಮುಂದೆ ಇದು ಬೇರೆಯವರ ಬಾಯಲ್ಲಿ ಬರುತ್ತದೆ.

ಹಂತ 1: ಏನನ್ನೂ ಒತ್ತಬೇಡಿ

ಫೈಲು ಸತ್ತಿಲ್ಲ. ಹೆಚ್ಚಿನ ಆಂಟಿವೈರಸ್‌ಗಳು ಅನುಮಾನ ಬಂದ ಫೈಲನ್ನು ಒಡನೆ ಅಳಿಸುವುದಿಲ್ಲ, ಓಡದಂತೆ ಕಟ್ಟಿಹಾಕಿ ಕ್ವಾರಂಟೈನ್ ಎಂಬ ಕೋಣೆಗೆ ತಳ್ಳುತ್ತವೆ. 2020ರ ನಂತರ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೈಗೆ ಮುದ್ರೆ ಒತ್ತಿ ಮನೆಯಲ್ಲಿ ಕೂರಿಸಿದ್ದು ನಮಗೆ ಕಾಯಿಲೆ ಇದೆಯೆಂದಲ್ಲ, ಇದ್ದರೆ ಏನು ಗತಿ ಎಂದು. ಚೌಕಾಬಾರವೂ ಅಲ್ಲಿ ಮುದ್ರೆ ಒತ್ತಿಸಿಕೊಂಡು ಕೂತಿದೆ. ಅವಸರವಿಲ್ಲ.

ಹಂತ 2: ಹೆಸರಿನ ಗೋತ್ರ ಪ್ರವರ ಕೇಳಿ

ಕಿಟಕಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಹೆಸರಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಓದಬೇಕಾದದ್ದು ಅದೊಂದೇ.

ಮೈಕ್ರೋಸಾಫ್ಟಿನ ಡಿಫೆಂಡರ್ ಕೊಡುವ ಹೆಸರುಗಳಲ್ಲಿ ಒಂದು ಬಹಳ ಪ್ರಸಿದ್ಧ: ‘ಟ್ರೋಜನ್:ವಿನ್32/ವಕಾಟಾಕ್.ಬಿ!ಎಂಎಲ್’. ಟ್ರೋಜನ್ ಎಂಬುದು ಕುಲ. ವಿನ್32 ಊರು, ಅಂದರೆ ವಿಂಡೋಸ್. ವಕಾಟಾಕ್ ಮನೆತನ, ಬಿ ಎಂಬುದು ಆ ಮನೆತನದ ಕವಲು. ಕೊನೆಯಲ್ಲಿ ಬಾಲದಂತೆ ಅಂಟಿಕೊಂಡಿರುವ ‘ಎಂಎಲ್’ ಇದೆಯಲ್ಲ, ಅದು ಮಷೀನ್ ಲರ್ನಿಂಗ್. ಈ ಫೈಲನ್ನು ಯಾವ ಮನುಷ್ಯನೂ ಬಿಚ್ಚಿ ನೋಡಿಲ್ಲ, ಹಿಂದೆ ಕಂಡ ಲಕ್ಷಗಟ್ಟಲೆ ಕೆಟ್ಟ ಫೈಲುಗಳ ಚಹರೆ ಇದರಲ್ಲಿ ಕಾಣುತ್ತಿದೆ ಎಂದು ಯಂತ್ರ ಊಹಿಸಿದೆ ಅಂತ ಅದರ ಅರ್ಥ. ಬೇರೆ ಕಂಪನಿಗಳು ಇಂಥ ಊಹೆಗೆ ‘ಜೆನೆರಿಕ್’, ‘ಹ್ಯೂರಿಸ್ಟಿಕ್’, ‘ಸಸ್ಪಿಶಿಯಸ್’ ಎಂದೆಲ್ಲ ಹೆಸರಿಟ್ಟಿವೆ. ನಮ್ಮ ಮನೆಯ ಯಂತ್ರ ಹೇಳಿದ್ದೂ ಈ ಜಾತಿಯದೇ ಮಾತು. ‘ಪಿಯುಎ’ ಅಂತ ಬಂದರೆ ಕಳ್ಳನಲ್ಲ, ಸಹವಾಸ ಸರಿಯಿಲ್ಲ ಅಂತ ತಿಳಿಯಿರಿ.

ಹಾಗಲ್ಲದೆ ‘ರೆಡ್‌ಲೈನ್’ನಂಥ ಖಚಿತವಾದ ಹೆಸರು ಬಂದರೆ, ಅದೂ ಆ ಫೈಲನ್ನು ನೀವು ಆಗಲೇ ಓಡಿಸಿಬಿಟ್ಟಿದ್ದರೆ, ಈ ಕೈಪಿಡಿ ಮಡಚಿಟ್ಟು ಬೇರೊಂದು ಕಂಪ್ಯೂಟರಿಗೆ ಓಡಿ ಪಾಸ್‌ವರ್ಡುಗಳನ್ನು ಬದಲಿಸಿ. ರೆಡ್‌ಲೈನ್ ಎಂಬುದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು ಕದಿಯುವ ಅಸಲಿ ಹಾವು.

ಹಗ್ಗ ಹಾವಿನಂತೆ ಕಾಣಲು ಕಾರಣಗಳು

ಲೆಕ್ಕಪತ್ರದ ತಂತ್ರಾಂಶಕ್ಕೆ ಇಷ್ಟು ಗೋಳಿಲ್ಲ. ಆಟಗಳ ಮೇಲೇ ಯಾಕೆ ಈ ಕಣ್ಣು?

ನನ್ನ ಸೊಸೆಯ ವಿಷಯವನ್ನೇ ತೆಗೆದುಕೊಳ್ಳಿ. (ಸೋದರಸೊಸೆ. ಕೈಪಿಡಿಗಳಲ್ಲಿ ಸ್ಪಷ್ಟತೆ ಮುಖ್ಯ.) ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಆಟ ಓಡಲಿ ಎಂದು ಅವಳು ಪೈಇನ್‌ಸ್ಟಾಲರ್ ಎಂಬ ಉಪಕರಣ ಬಳಸಿದ್ದಳು. ಆಟ, ಕವಡೆ ಸದ್ದು, ಚಿತ್ರಗಳು, ಪೈಥಾನ್, ಎಲ್ಲವನ್ನೂ ಅದು ಒಂದೇ ಗಂಟಾಗಿ ಕಟ್ಟುತ್ತದೆ. ಒತ್ತಿದಾಗ ಗಂಟು ತಾನೇ ಬಿಚ್ಚಿಕೊಂಡು, ಟೆಂಪ್ ಫೋಲ್ಡರಿನಲ್ಲಿ ಹರಡಿಕೊಂಡು, ಅಲ್ಲಿಂದ ಓಡತೊಡಗುತ್ತದೆ. ಈಗ ಇದನ್ನು ಕಾವಲುಗಾರನ ಕಣ್ಣಿನಿಂದ ನೋಡಿ: ಹಿಂದೆಂದೂ ಕಾಣದ ಮುಖ, ಹೆಗಲ ಮೇಲೆ ಬಿಗಿದ ಗಂಟು, ಮುಂಬಾಗಿಲು ಬಿಟ್ಟು ಹಿತ್ತಲಿಗೆ ಹೋಗಿ ಬಿಚ್ಚುತ್ತಿದ್ದಾನೆ. ಸಾಲದ್ದಕ್ಕೆ, ಪೈಇನ್‌ಸ್ಟಾಲರ್ ಕಟ್ಟಿದ ಗಂಟುಗಳ ಮುಂಭಾಗ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅದು ಉಚಿತ, ಸುಲಭ, ಆದ್ದರಿಂದ ಕಳ್ಳರಿಗೂ ಪ್ರಿಯ. ಅಲ್ಲಿಗೆ ಹಾಸನದ ಹುಡುಗಿಯ ಚೌಕಾಬಾರಕ್ಕೂ ಎಲ್ಲೋ ಕೂತು ಪಾಸ್‌ವರ್ಡು ಕದಿಯುವವನ ಫೈಲಿಗೂ ಮುಖ ಒಂದೇ ಆಯಿತು.

ಬೇರೆ ಆಟಗಾರರ ಚಾಳಿಯಂತೂ ಇನ್ನೂ ವಿಚಿತ್ರ. ‘ಟ್ರೇನರ್’ ಎಂಬ ಪುಟ್ಟ ತಂತ್ರಾಂಶಗಳು ಓಡುತ್ತಿರುವ ಆಟದ ನೆನಪಿನೊಳಗೆ ಕೈ ಹಾಕಿ, ಒಂದು ಜೀವ ಇದ್ದದ್ದನ್ನು ತೊಂಬತ್ತೊಂಬತ್ತು ಮಾಡುತ್ತವೆ. ಇನ್ನೊಬ್ಬರ ನೆನಪಿಗೆ ಕೈ ಹಾಕುವುದು ಸಭ್ಯ ತಂತ್ರಾಂಶದ ಕೆಲಸವಲ್ಲ. ಮಾಡ್ ಹಾಕುವವರು ಆಟದ ಹೊಟ್ಟೆಯೊಳಗೆ ತಮ್ಮ ಕೋಡ್ ತೂರಿಸುತ್ತಾರೆ. ನಕಲು ಮಾಡಬಾರದೆಂದು ಆಟದ ಕಂಪನಿಗಳೇ ತಮ್ಮ ಫೈಲಿಗೆ ಏಳು ಸುತ್ತಿನ ಬಟ್ಟೆ ಸುತ್ತುತ್ತವೆ, ಒಳಗೇನಿದೆ ಎಂದು ಆಂಟಿವೈರಸ್‌ಗೂ ಕಾಣದ ಹಾಗೆ. ಕಳ್ಳ ಮಾಡುವ ಕೆಲಸವನ್ನೆಲ್ಲ ಆಟದವರು ಮೋಜಿಗಾಗಿ ಮಾಡುತ್ತಾರೆ. ಹಬ್ಬಕ್ಕೆ ವೇಷ ಕಟ್ಟಿ ಅರ್ಧರಾತ್ರಿ ಪಕ್ಕದ ಮನೆಯ ಕಾಂಪೌಂಡು ಹಾರಿದವನನ್ನು ನಾಯಿ ಕಚ್ಚಿದರೆ ತಪ್ಪು ಯಾರದು?

ಹಗ್ಗವೂ ಅಲ್ಲದ ಹಾವೂ ಅಲ್ಲದ ಮೂರನೆಯ ಬಗೆಯೊಂದಿದೆ. ಗೆದ್ದಲು ಕಟ್ಟಿದ ಹುತ್ತ. ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟದಲ್ಲಿ ಮೋಸಗಾರರನ್ನು ಹಿಡಿಯಲೆಂದು ಇಟ್ಟಿದ್ದ ‘ಎಂಎಚ್‌ವೈಪ್ರಾಟ್2’ ಎಂಬ ಡ್ರೈವರ್ ಇತ್ತು. ವಿಂಡೋಸಿನ ಗರ್ಭಗುಡಿಯೊಳಗೆ ಓಡಾಡುವ ಅಧಿಕಾರ ಅದಕ್ಕೆ. ಅದನ್ನೇ ಹೊತ್ತು ತಂದು ಆಂಟಿವೈರಸ್ಸನ್ನು ಕೊಲ್ಲಲು ಸುಲಿಗೆಕೋರರು ಬಳಸಿದ್ದು 2022ರ ಆಗಸ್ಟಿನಲ್ಲಿ ಬಯಲಾಯಿತು. ಆಟ ಆಡದವರ ಕಂಪ್ಯೂಟರಿಗೂ ಅದನ್ನು ತಂದುಹಾಕಬಹುದಿತ್ತು, ಸಹಿ ಮುದ್ರೆ ಎಲ್ಲ ಸರಿಯಾಗಿಯೇ ಇದ್ದವಲ್ಲ. 2025ರ ಮಾರ್ಚಿನಲ್ಲಿ ಡಿಫೆಂಡರ್ ‘ವಿನ್‌ರಿಂಗ್0’ ಎಂಬ ಇನ್ನೊಂದು ಡ್ರೈವರನ್ನು ಹಿಡಿಯತೊಡಗಿದಾಗ ಗೇಮಿಂಗ್ ಕಂಪ್ಯೂಟರುಗಳ ಫ್ಯಾನು, ಬಣ್ಣದ ದೀಪ ನಿಯಂತ್ರಿಸುವ ತಂತ್ರಾಂಶಗಳು ಒಟ್ಟಿಗೆ ಕೆಮ್ಮಿದವು. ಸುಳ್ಳು ಎಚ್ಚರಿಕೆ ಅಂತ ಜನ ಕೂಗಿದರು. ಪೂರ್ತಿ ಸುಳ್ಳೇನಲ್ಲ. ಆ ಡ್ರೈವರಿನಲ್ಲಿ ಲೋಪವಿರುವುದು 2020ರಿಂದಲೇ ದಾಖಲಾಗಿದೆ. ಹುತ್ತದಲ್ಲಿ ಇವತ್ತು ಹಾವಿಲ್ಲ ನಿಜ, ಆದರೆ ಹುತ್ತ ಖಾಲಿ ಇದೆ ಎಂಬುದು ಹಾವಿಗೂ ಗೊತ್ತಲ್ಲ.

ತಾಂತ್ರಿಕ ಮಿತಿ

ಎಂದೂ ತಪ್ಪದ ಯಂತ್ರ ಬೇಕು ಎನ್ನುವ ಗ್ರಾಹಕರ ಗಮನಕ್ಕೆ: ಅಂಥದ್ದು ತಯಾರಾಗುವುದಿಲ್ಲ. ತಯಾರಕರ ಸೋಮಾರಿತನ ಕಾರಣವಲ್ಲ, ಗಣಿತವೇ ಅಡ್ಡ ನಿಂತಿದೆ. ಕಂಪ್ಯೂಟರ್ ವೈರಸ್ ಎಂಬ ಮಾತನ್ನು ಸಂಶೋಧನೆಗೆ ತಂದ ಫ್ರೆಡ್ ಕೋಹೆನ್ 1984ರ ಪ್ರಬಂಧದಲ್ಲೇ ಇದನ್ನು ತೋರಿಸಿದ್ದರು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಪಂಡಿತನೊಬ್ಬ ಇದ್ದಾನೆ ಅಂದುಕೊಳ್ಳಿ. ನಾನೊಂದು ತಂತ್ರಾಂಶ ಬರೆಯುತ್ತೇನೆ. ಅದು ಮೊದಲು ಪಂಡಿತನ ಹತ್ತಿರ ಹೋಗಿ “ಸ್ವಾಮಿ, ನಾನು ವೈರಸ್ಸೇ?” ಎಂದು ಕೇಳುತ್ತದೆ. ಹೌದು ಅಂದರೆ ಸುಮ್ಮನೆ ಮನೆಗೆ ಹೋಗಿ ಮಲಗುತ್ತದೆ. ಅಲ್ಲ ಅಂದರೆ ಊರೆಲ್ಲ ಹಬ್ಬುತ್ತದೆ. ಪಂಡಿತ ಏನು ಹೇಳಿದರೂ ಸುಳ್ಳುಗಾರ. ತೆನಾಲಿ ರಾಮಕೃಷ್ಣ ಕೃಷ್ಣದೇವರಾಯನ ಆಸ್ಥಾನದಲ್ಲಿ ಮಾಡಬಹುದಾಗಿದ್ದ ಕೀಟಲೆ ಇದು.

ಆದ್ದರಿಂದ ಯಂತ್ರ ಎರಡರಲ್ಲಿ ಒಂದು ತಪ್ಪನ್ನು ಆರಿಸಿಕೊಳ್ಳಬೇಕು. ಕೂಗಬಾರದಲ್ಲಿ ಕೂಗುವುದು, ಇಲ್ಲವೇ ಕೂಗಬೇಕಾದಲ್ಲಿ ಮಲಗುವುದು. ಹಿಂದೆ ಆದ ತಪ್ಪುಗಳು ಸಣ್ಣವೇನಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಎಂಬ ಆಂಟಿವೈರಸ್ಸಿನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಪ್ರಾಣನಾಡಿಯಂಥ ಫೈಲನ್ನೇ ಹಿಡಿದು ಕೂಡಿಹಾಕಿತು, ಕಚೇರಿ ಕಚೇರಿಗಳಲ್ಲಿ ಕಂಪ್ಯೂಟರುಗಳು ಆರಿ ಹೊತ್ತಿ ಆರಿ ಹೊತ್ತಿ ಕೂತವು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ಎಂಬ ಇನ್ನೊಂದು ಆಂಟಿವೈರಸ್ ತನ್ನದೇ ಅಪ್‌ಡೇಟ್ ತರುವ ಫೈಲನ್ನು ವೈರಸ್ ಎಂದು ಹಿಡಿಯಿತು. ಔಷಧ ತರಲು ಹೊರಟವನನ್ನೇ ಜೈಲಿಗೆ ಹಾಕಿದ ಮೇಲೆ ಔಷಧ ತರುವವರು ಯಾರು?

ಸಾಧನ ಪರೀಕ್ಷೆ (ಇಷ್ಟವಿದ್ದವರಿಗೆ)

ಜಾತ್ರೆಯಲ್ಲಿ ರಬ್ಬರ್ ಹಾವು ಸಿಗುತ್ತದಲ್ಲ, ಹಾಗೆ ಆಂಟಿವೈರಸ್‌ಗಳಿಗೆಂದೇ ಮಾಡಿದ ರಬ್ಬರ್ ಹಾವೊಂದಿದೆ. ಯೂರೋಪಿನ ಐಕಾರ್ ಸಂಸ್ಥೆಯ ಹೆಸರಿನಲ್ಲಿ ಪ್ರಸಿದ್ಧವಾದ ಪರೀಕ್ಷಾ ಫೈಲು, ಬರೀ 68 ಅಕ್ಷರ. ನೋಟ್‌ಪ್ಯಾಡಿನಲ್ಲಿ ಕೂಡ ಬರೆದು ಉಳಿಸಬಹುದು. ಅದರಿಂದ ಯಾವ ಹಾನಿಯೂ ಇಲ್ಲ. ಆದರೂ ಅದನ್ನು ಕಂಡರೆ ಕೂಗಬೇಕೆಂದು ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಒಪ್ಪಿಕೊಂಡಿವೆ. ಕೂಗದಿದ್ದರೆ ನಿಮ್ಮ ಸಾಧನ ನಿದ್ದೆಯಲ್ಲಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಇದನ್ನು ಮಾಡಿದರೆ ಐಟಿ ವಿಭಾಗದವರು ಎಷ್ಟು ಬೇಗ ಮೆಟ್ಟಿಲು ಹತ್ತುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಹಂತ 3: ಬೆರಳಚ್ಚು ತಾಳೆ ನೋಡಿ

ಕಳಿಸಿದವರು ಕಳಿಸಿದ್ದೇ ನಿಮಗೆ ಬಂದಿದೆಯೇ? ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಎಂಬ ಬೆರಳಚ್ಚು ತೆಗೆಯಬಹುದು, 64 ಅಕ್ಷರ ಅಂಕಿಗಳ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ವಿಂಡೋಸಿನಲ್ಲಿ ಇದಕ್ಕೆ ‘ಸರ್ಟ್‌ಯುಟಿಲ್’ ಎಂಬ ಆದೇಶ ಇದೆ.

ಬೆರಳಚ್ಚನ್ನು ಫೈಲು ಬಂದ ದಾರಿಯಲ್ಲೇ ತರಿಸಿಕೊಳ್ಳಬಾರದು, ಫೈಲು ಬದಲಿಸಿದವನು ಅದನ್ನೂ ಬದಲಿಸಿರಬಹುದು. ಹೀಗಾಗಿ ಅವಳು ಹಾಸನದ ಹಾಸ್ಟೆಲಿನಿಂದ ಫೋನಿನಲ್ಲಿ ಓದಿದಳು, ನಾನು ಮೈಸೂರಿನಲ್ಲಿ ಟಿಕ್ ಹಾಕುತ್ತ ಹೋದೆ. “ಬಿ, ಬೆಂಗಳೂರು ಬಿ. ಡಿ, ದಾವಣಗೆರೆ ಡಿ. ಏಳು. ಮತ್ತೆ ದಾವಣಗೆರೆ.” ಮೂವತ್ತೊಂದನೆಯ ಅಕ್ಷರಕ್ಕೆ ಬಂದಾಗ ಅಮ್ಮ, “ಯಾರಿಗಮ್ಮ ಟ್ರಾನ್ಸ್‌ಫರು?” ಎಂದು ಕೇಳಿದ್ದರಿಂದ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದೆವು.

ತಾಳೆಯಾಯಿತು. ಆದರೆ ತಾಳೆಯಾದದ್ದು ದಾರಿಯಲ್ಲಿ ಯಾರೂ ಕೈ ಹಾಕಿಲ್ಲವೆಂದಷ್ಟೇ ಹೇಳುತ್ತದೆ. ಕಳಿಸಿದವರ ಮನೆಯಲ್ಲೇ ಹಾವು ಹೊಕ್ಕಿದ್ದರೆ? 2023ರ ಡಿಸೆಂಬರ್ 25ರಂದು ಸ್ಲೇ ದ ಸ್ಪೈರ್ ಎಂಬ ಆಟದ ‘ಡೌನ್‌ಫಾಲ್’ ಎಂಬ ಅಭಿಮಾನಿ ವಿಸ್ತರಣೆಯಲ್ಲಿ ಹಾಗೇ ಆಯಿತು. ಅದನ್ನು ಮಾಡಿದವರ ಖಾತೆ ಕದ್ದು, ಸ್ಟೀಮ್ ಎಂಬ ಆಟಗಳ ಅಂಗಡಿಯ ಮೂಲಕವೇ, ಕ್ರಿಸ್‌ಮಸ್ ದಿನವೇ, ಪಾಸ್‌ವರ್ಡು ಕದಿಯುವ ಫೈಲನ್ನು ಹಂಚಿದ್ದರು. ಅಂಗಡಿಯೂ ಒಳ್ಳೆಯದು, ಅಂಗಡಿಯವರೂ ಒಳ್ಳೆಯವರು, ಸಾಮಾನು ಮಾತ್ರ ಬೇರೆ.

ಹಂತ 4: ಊರನ್ನು ಕೇಳಿ, ಊರನ್ನು ನಂಬಬೇಡಿ

ವೈರಸ್‌ಟೋಟಲ್ ಎಂಬ ತಾಣವಿದೆ. 2004ರಲ್ಲಿ ಸ್ಪೇನಿನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಪಾಲಾಯಿತು. ಫೈಲು ಕೊಟ್ಟರೆ ಸುಮಾರು 70 ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಹೇಳುತ್ತದೆ. (ಕೊಟ್ಟ ಫೈಲನ್ನು ಭದ್ರತಾ ಕಂಪನಿಗಳವರು ನೋಡಬಲ್ಲರು. ಆಟ ಕೊಡಿ, ಆಸ್ತಿಪತ್ರ ಕೊಡಬೇಡಿ.) ಚೌಕಾಬಾರಕ್ಕೆ ಒಂಬತ್ತು ಮಂದಿ ಕೆಟ್ಟದೆಂದರು, ಉಳಿದವರು ತಕರಾರಿಲ್ಲವೆಂದರು.

ಒಂಬತ್ತು ಜನ ಹೇಳಿದ ಮೇಲೆ ಏನೋ ಇರಲೇಬೇಕಲ್ಲವೇ? ಇರಬೇಕಿಲ್ಲ. ಕ್ಯಾಸ್ಪರ್‌ಸ್ಕಿ ಕಂಪನಿ 2010ರಲ್ಲಿ ತಾನು ನಡೆಸಿದ್ದ ಒಂದು ಕಿಲಾಡಿ ಪ್ರಯೋಗವನ್ನು ಬಹಿರಂಗಪಡಿಸಿತು. ಏನೂ ಕೆಡುಕಿಲ್ಲದ 20 ಫೈಲುಗಳನ್ನು ತಯಾರಿಸಿ, ಅವುಗಳಲ್ಲಿ 10ನ್ನು ಮಾತ್ರ ಕೆಟ್ಟವೆಂದು ಬೇಕೆಂದೇ ಗುರುತು ಹಾಕಿ, ಎಲ್ಲವನ್ನೂ ವೈರಸ್‌ಟೋಟಲ್‌ಗೆ ಹಾಕಿತು. ಹತ್ತು ದಿನ ಕಳೆಯುವಷ್ಟರಲ್ಲಿ ಆ ಹತ್ತೇ ಫೈಲುಗಳನ್ನು ಹದಿನಾಲ್ಕರವರೆಗೆ ಬೇರೆ ಕಂಪನಿಗಳೂ ಕೆಟ್ಟವೆಂದು ಸಾರುತ್ತಿದ್ದವು. ಬೀದಿಯ ತುದಿಯಲ್ಲಿ ಒಂದು ನಾಯಿ ಬೊಗಳಿತು, ಉಳಿದವು ಯಾಕೆಂದು ಕೇಳದೆ ದನಿಗೂಡಿಸಿದವು.

ಆದ್ದರಿಂದ ತಲೆ ಎಣಿಸಬೇಡಿ, ಮಾತು ಕೇಳಿ. ಒಂಬತ್ತು ಮಂದಿ ಒಂಬತ್ತು ಥರದ ಅಡ್ಡಗೋಡೆಯ ಮೇಲಿನ ದೀಪದಂಥ ಹೆಸರು ಹೇಳಿದರೆ ಅದು ಗಾಳಿಮಾತು ಇದ್ದೀತು. ನಲವತ್ತು ಮಂದಿ ಒಂದೇ ಮನೆತನದ ಹೆಸರು ಹೇಳಿದರೆ ಕೋಲು ತನ್ನಿ.

ಎಚ್ಚರಿಕೆ! ಎಚ್ಚರಿಕೆ! ಎಚ್ಚರಿಕೆ!

ಗೆರೆ ಎಳೆದ ವಾಕ್ಯಕ್ಕೆ ಬನ್ನಿ. ‘ಆಂಟಿವೈರಸ್ ಆಫ್ ಮಾಡಿ ಓಪನ್ ಮಾಡಿ.’

ಕದ್ದ ಆಟಗಳ ಜೊತೆ ಒಂದು ಚೀಟಿ ಬರುತ್ತದೆ. ಮೊದಲ ಸಾಲೇ ಇದು. ಆಂಟಿವೈರಸ್ ತಪ್ಪು ಹೇಳುತ್ತಿದೆ, ನಂಬಬೇಡಿ, ಆಫ್ ಮಾಡಿ. ಅವಾಸ್ಟ್ ಕಂಪನಿ 2021ರ ಜೂನಿನಲ್ಲಿ ‘ಕ್ರಾಕೋನೋಶ್’ ಎಂಬ ಒಂದರ ಜಾತಕ ಬಿಡಿಸಿತು. ಜಿಟಿಎ 5ರಂಥ ದೊಡ್ಡ ಆಟಗಳ ಕದ್ದ ಪ್ರತಿಗಳಲ್ಲಿ ಅದು ಅಡಗಿ ಬರುತ್ತಿತ್ತು. 2018ರಿಂದ 2,22,000ಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹೊಕ್ಕು, ಮನೆಯವರ ಕರೆಂಟಿನಲ್ಲಿ ಮೊನೆರೋ ಎಂಬ ಕ್ರಿಪ್ಟೊ ನಾಣ್ಯ ಅಗೆದು, 20 ಲಕ್ಷ ಡಾಲರ್‌ಗೂ ಮೀರಿ ದುಡಿದಿತ್ತು. ಹೆಚ್ಚು ಬಲಿಯಾದ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು. ಅದರ ಕೆಲಸದ ಕ್ರಮ ನೋಡಿ: ಕಂಪ್ಯೂಟರನ್ನು ಸೇಫ್ ಮೋಡಿಗೆ ತಳ್ಳುತ್ತದೆ, ಅಲ್ಲಿ ಆಂಟಿವೈರಸ್ ಎಚ್ಚರವಿರುವುದಿಲ್ಲ. ಆಗ ಅದನ್ನು ಅಳಿಸಿಹಾಕುತ್ತದೆ. ಆಮೇಲೆ ಅದು ಇದ್ದ ಜಾಗದಲ್ಲಿ, ಅದೇ ಮೂಲೆಯಲ್ಲಿ, ಎಲ್ಲ ಕ್ಷೇಮ ಎನ್ನುವ ಗುರುತು ತಾನೇ ತಂದಿಡುತ್ತದೆ. ಕಾವಲುಗಾರನನ್ನು ಮುಗಿಸಿ ಅವನ ಟೋಪಿ ಹಾಕಿಕೊಂಡು ಗೇಟಿನಲ್ಲಿ ಕೂತು ನಮಗೇ ಸಲಾಂ ಹೊಡೆದ ಹಾಗೆ.

ನನಗೆ ಕಸಿವಿಸಿಯಾದದ್ದು ಇಲ್ಲೇ. ಆ ಚೀಟಿಯಲ್ಲಿರುವುದೂ ನಮ್ಮ ಹುಡುಗಿ ಹೇಳಿದ್ದೂ ಅಕ್ಷರ ಅಕ್ಷರ ಒಂದೇ. ಅವಳು ಅದನ್ನು ಕಲಿತದ್ದು ಕಳ್ಳರಿಂದಲ್ಲ, ಯಂತ್ರದ ಸುಳ್ಳುಕೂಗಿನಿಂದ. ಕಾಲೇಜಿನಲ್ಲಿ ಅವಳು ಕಟ್ಟಿದ ಪ್ರತಿ ಪ್ರಾಜೆಕ್ಟನ್ನೂ ಅದು ಹಾವೆಂದಿದೆ. ಆಫ್ ಮಾಡುವುದು ಅವಳಿಗೂ ಅವಳ ಗೆಳತಿಯರಿಗೂ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ಸಹಜವಾಗಿಬಿಟ್ಟಿದೆ. ನಾಳೆ ನಿಜವಾದ ಚೀಟಿ ಬಂದರೂ ಅವರ ಕೈ ತಾನಾಗಿ ಆ ಗುಂಡಿಗೆ ಹೋಗುತ್ತದೆ. “ಲೇ ಪುಟ್ಟಿ, ಈ ಮಾತು ಕಳ್ಳನೂ ಹೇಳ್ತಾನಲ್ಲೇ” ಅಂದೆ. “ಮತ್ತೆ ನಾನೇನು ಹೇಳ್ಲಿ ಮಾವ?” ಅಂದಳು. ಉತ್ತರ ಹೊಳೆಯಲಿಲ್ಲ. ಹಂತ 5 ಅಂತ ಹೇಳು ಅಂದೆ.

ಹಂತ 5: ಬಿಡುಗಡೆ

ಆಫ್ ಮಾಡಬೇಡಿ. ಕ್ವಾರಂಟೈನ್ ಪಟ್ಟಿ ತೆರೆದು ಆ ಒಂದು ಫೈಲನ್ನು ಹೊರತನ್ನಿ, ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡಿ. ಡೌನ್‌ಲೋಡ್ಸ್ ಫೋಲ್ಡರಿಗೆ ಪೂರಾ ವಿನಾಯಿತಿ ಕೊಡುವವರಿದ್ದಾರೆ, ಸಿ ಡ್ರೈವಿಗೇ ಕೊಟ್ಟ ಪುಣ್ಯಾತ್ಮರೂ ಇದ್ದಾರೆ. ವಿನಾಯಿತಿ ಇರುವ ಫೋಲ್ಡರ್ ಹುಡುಕಿಕೊಂಡು ಬರುವುದು ಕೆಟ್ಟ ಫೈಲುಗಳ ಹಳೇ ಅಭ್ಯಾಸ.

ಜೊತೆಗೆ, ಆಂಟಿವೈರಸ್ ಕಂಪನಿಯ ತಾಣದಲ್ಲಿ ‘ತಪ್ಪು ಪತ್ತೆ’ ವರದಿ ಮಾಡುವ ಫಾರಂ ಇರುತ್ತದೆ. ಫೈಲು, ಪತ್ತೆಯಾದ ಹೆಸರು, ಇದೇನು ಎಂಬ ವಿವರಣೆ. ವಿವರಣೆಯ ಜಾಗದಲ್ಲಿ ಚೌಕಾಬಾರ ಎಂದರೇನು ಎಂದು ಇಂಗ್ಲಿಷಿನಲ್ಲಿ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ‘ಕಾಯಿ ಹಣ್ಣಾಗುವುದು’ ಎಂಬುದನ್ನು ಬಿಟ್ಟುಬಿಟ್ಟೆ, ಇನ್ನಷ್ಟು ಅನುಮಾನ ಬಂದೀತೆಂದು.

ಶಾಶ್ವತ ಪರಿಹಾರ (ದುಡ್ಡಿದ್ದವರಿಗೆ)

ಕೋಡ್ ಸೈನಿಂಗ್. ಫೈಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದಂತೆ. ವರ್ಷ ವರ್ಷ ಸಾವಿರಾರು ರೂಪಾಯಿ ಕಟ್ಟಬೇಕು. 2023ರ ಜೂನ್ 1ರಿಂದ ಸಹಿಯ ಕೀಲಿಯನ್ನು ಪ್ರತ್ಯೇಕ ಯಂತ್ರಾಂಶದಲ್ಲೇ ಇಡಬೇಕೆಂಬ ನಿಯಮವೂ ಬಂದಿದೆ. ಹಾಸ್ಟೆಲ್ ಮೆಸ್ಸಿನ ಬಾಕಿ ಇರುವವರಿಗೆ ಇದು ಹೇಳಿದ್ದಲ್ಲ. ಸಹಿ ಇದ್ದ ಮಾತ್ರಕ್ಕೆ ಸಾಚಾ ಎಂದೂ ಇಲ್ಲ, 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಅಸಲಿ ಹಾವು ಎರಡು ತೈವಾನ್ ಕಂಪನಿಗಳ ಕದ್ದ ಸಹಿ ಹೊತ್ತು ಓಡಾಡುತ್ತಿತ್ತು. ದುಡ್ಡಿಲ್ಲದವರು ಒಂದೇ ಗಂಟಾಗಿ ಕಟ್ಟುವ ಬದಲು ಫೋಲ್ಡರಾಗಿ ಬಿಡಿಬಿಡಿಯಾಗಿ ಕಳಿಸಿದರೆ ಅನುಮಾನ ಸ್ವಲ್ಪ ತಗ್ಗುತ್ತದೆ.

ಅಪ್‌ಡೇಟ್ ಕುರಿತು

ಆರನೆಯ ದಿನ ಉತ್ತರ ಬಂತು. ಪರಿಶೀಲಿಸಿದ್ದೇವೆ, ಫೈಲು ಶುದ್ಧವಾಗಿದೆ, ಪತ್ತೆಯನ್ನು ತೆಗೆದಿದ್ದೇವೆ. ವಿನಾಯಿತಿ ಹಿಂತೆಗೆದೆ. ಎರಡು ಸಲ ಒತ್ತಿದೆ. ಚೌಕಾಬಾರ ತೆರೆಯಿತು, ಕವಡೆ ನಮ್ಮ ಮನೆಯ ನೆಲದ ಮೇಲೇ ಬಿದ್ದ ಸದ್ದು ಬಂತು. ಅಮ್ಮ ಒಂದು ಗಂಟೆ ಆಡಿದಳು. ಕೊನೆಗೆ ಕನ್ನಡಕ ತೆಗೆದು, “ಒಂದು ಕಾಯೂ ಕಡೀದೆ ಒಳಸುತ್ತಿಗೆ ಬಿಡ್ತಿದೆಯಲ್ಲೋ ಇದು. ನಮ್ಮ ಕಡೆ ಹಾಗಿಲ್ಲ. ಸರಿ ಮಾಡಕ್ಕೆ ಹೇಳು ಅವಳಿಗೆ” ಅಂದಳು.

ಹೇಳಿದೆ. ಒಂದೇ ಸಾಲು ಮಾವ ಅಂದಳು. ಒಂದೇ ಸಾಲು ಬದಲಿಸಿ, ಮತ್ತೆ ಗಂಟು ಕಟ್ಟಿ, ರಾತ್ರಿ ಕಳಿಸಿದಳು. ಸಾಲು ಒಂದಾದರೇನು, ಬೆರಳಚ್ಚು ಪೂರಾ ಬೇರೆ. ಕಂಪನಿಯವರು ಶುದ್ಧವೆಂದದ್ದು ಆ ಹಳೆಯ ಫೈಲನ್ನು, ಇದನ್ನಲ್ಲ. ಎರಡು ಸಲ ಒತ್ತಿದೆ. ಬಲಮೂಲೆಯಲ್ಲಿ ಕೆಂಪು ಕಿಟಕಿ ಎದ್ದಿತು. ಗ್ರಾಹಕರು ಹಂತ 1ಕ್ಕೆ ಹಿಂದಿರುಗಬೇಕಾಗಿ ವಿನಂತಿ.

“ಏನಾಯ್ತೋ?” ಅಂತ ಅಮ್ಮ ಬಗ್ಗಿ ನೋಡಿದಳು.

“ಮೊದಲಿನ ಮನೆಗೆ ಹೋಯ್ತಮ್ಮ.”

“ಯಾರು ಕಡಿದಿದ್ದು?” ಅಂದಳು.